ಪದ ಬೇಕು: ‘ಶೋಲಾ’ಕ್ಕೆ ಕನ್ನಡದಲ್ಲಿ ಏನನ್ನುತ್ತೀರಿ?

ಧಾರವಾಡದಿಂದ:
ಶಾಲೆಯ ಪ್ರದರ್ಶನಕ್ಕೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಫಲಕ ಬರೆಯುತ್ತಿದ್ದೇನೆ. ಫ್ಲೆಕ್ಸ್ ಅಂಗಡಿಯವರು ನಾಳೆ ಹತ್ತು ಗಂಟೆಗೆ ಮ್ಯಾಟರ್ ಕೊಡಿ ಅಂದಿದ್ದಾರೆ. ‘ಶೋಲಾ’ ಹತ್ತಿರ ಕೈ ನಿಂತಿದೆ. ಗುಡ್ಡದ ನೆತ್ತಿಯೆಲ್ಲ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಗಿಡ್ಡ ಮರಗಳ ದಟ್ಟ ಕಾಡು. ಆ ಕಾಡಿಗೆ ಪದ ಬೇಕು. ‘ಬೋಳುಗುಡ್ಡದ ಕಾಡು’ ನಡೆಯುತ್ತದೆಯೇ?

ಹಾನಗಲ್ಲಿನಿಂದ:
ನಡೆಯುವುದಿಲ್ಲ. ಬೋಳು ಅಂದುಕೊಂಡೇ ಅಲ್ಲಿ ಅಕೇಶಿಯಾ ನೆಟ್ಟದ್ದು. ಅದು ಕಾಡು ಕಳೆದುಕೊಂಡ ಜಾಗವಲ್ಲ ಮೇಡಂ, ಹುಲ್ಲಿನದೇ ಜಾಗ. ಮಳೆನೀರು ಹಿಡಿದಿಟ್ಟು ತುಂಗೆ, ಭದ್ರೆಗೆ ನಿಧಾನಕ್ಕೆ ಬಿಡುವುದು ಆ ಹುಲ್ಲೇ. ಹುಲ್ಲಿಗೆ ‘ಬ್ಯಾಣ’, ಕಾಡಿಗೆ ‘ಕಾನು’ ಅನ್ನಿ. ಶಿರಸಿ ಕಡೆಯ ನೆಂಟರ ಬಾಯಲ್ಲಿ ಎರಡನ್ನೂ ಕೇಳುತ್ತಿರುತ್ತೇನೆ.

ಹುಬ್ಬಳ್ಳಿಯಿಂದ:
ಕಾನು ಸಂಸ್ಕೃತದ ಕಾನನ. ಬೇಡ. ತಮಿಳಿನ ಸೋಲೈ ಇಂಗ್ಲಿಷರ ಬಾಯಲ್ಲಿ ಕೆಟ್ಟು ಶೋಲಾ ಆಯಿತು. ತಲೈ ತಲೆ, ಮಲೈ ಮಲೆ. ಹಾಗೇ ಸೋಲೈ ಸೋಲೆ. ಚರ್ಚೆ ಮುಗಿಯಿತು.

ಹಾನಗಲ್ಲಿನಿಂದ:
ತಮಿಳಿನಲ್ಲೂ ಕಾನ್ ಇದೆ. ಅದೂ ಕಾನನವೋ? ಸುಮ್ನೆ ಏನೋ ಹೇಳಬೇಡಿ.

ಧಾರವಾಡದಿಂದ:
‘ಸೋಲೆ’ ಅಂತ ಓದಿದರೆ ಯಾರು ಸೋತರು ಅಂತ ಮಕ್ಕಳು ಕೇಳುತ್ತಾರೆ ಸರ್.

ಹುಬ್ಬಳ್ಳಿಯಿಂದ:
ಕೇಳಲಿ. ಕಲಿಸುವುದಕ್ಕೇ ಅಲ್ವಾ ಶಾಲೆ ಇರುವುದು? ಎರವಲು ತಂದರೂ ನಮ್ಮ ನಾಲಿಗೆಗೆ ಬಗ್ಗಿಸಿಯೇ ತರಬೇಕು.

ಗದಗಿನಿಂದ:
ರಾಯರೇ, ದವಾಖಾನಿ, ಕಚೇರಿ ಎಲ್ಲ ನಿಮ್ಮನ್ನು ಕೇಳಿ ಒಳಗೆ ಬಂದವೇ? ಶೋಲಾ ಒಂದಕ್ಕೇ ಯಾಕೆ ಬಾಗಿಲಲ್ಲಿ ತಪಾಸಣೆ? ಕಾನಿನ ಬಗ್ಗೆ ನನ್ನ ತಕರಾರು ಬೇರೆ. ಕಾನು ಅಂದರೆ ಕೆಳಗಿನ ಎತ್ತರದ ಮರಗಳ ಕಾಡು ಕಣ್ಣಿಗೆ ಬರುತ್ತದೆ. ಇಲ್ಲಿ ಮರ ಗಾಳಿಗೆ ಕುಗ್ಗಿ ಡೊಂಕಾಗಿ, ಕೊಂಬೆ ತುಂಬ ಪಾಚಿ ಹೊದ್ದು ನಿಂತಿರುತ್ತದೆ. ನಮ್ಮ ಕಪ್ಪತಗುಡ್ಡದ ಕಡೆ ಗುಡ್ಡದ ಮಡಿಕೆಗೆ ಕೊಳ್ಳ ಅನ್ನುತ್ತೇವೆ. ‘ಕೊಳ್ಳದ ಕಾಡು’ ಸಾಕಲ್ಲ? ಇನ್ನೊಂದು, 2005ರ ಕೊನೆಗೆ ನಿಂತ ಕಬ್ಬಿಣದ ಗಣಿಯನ್ನೂ ಫಲಕಕ್ಕೆ ಸೇರಿಸಿ. ಅದರ ಮಣ್ಣು ಭದ್ರೆಗೆ ಇಳಿಯುತ್ತಿತ್ತು. ಗದಗಿನ ನಲ್ಲಿಯಲ್ಲಿ ಬರುವುದು ತುಂಗಭದ್ರೆ.

ಧಾರವಾಡದಿಂದ:
‘ಶೋಲಾ, ಅಂದರೆ ಕೊಳ್ಳದ ಕಾಡು. ಸುತ್ತಲೂ ಬ್ಯಾಣ’ ಅಂತ ಬರೆದು ಕಳಿಸಿದೆ. ಗಣಿ ಸೇರಿಸಿದೆ. ಜಾಗ ಸಾಲದೆ ಸಿಂಗಳೀಕದ ಸಾಲು ತೆಗೆಯಬೇಕಾಯಿತು, ಅದೊಂದು ಬೇಜಾರು. ಎಲ್ಲರಿಗೂ ಥ್ಯಾಂಕ್ಸ್.

ಹುಬ್ಬಳ್ಳಿಯಿಂದ:
‘ಶ’ ಹಾಗೇ ಬಿಟ್ಟಿರಿ.