ಸಂಶೋಧನಾ ಡೇಟಾ ಅಂದ್ರೆ ಏನು, ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ?

ಪ್ರಶ್ನೆ:
ಪಿಎಚ್‌ಡಿ ಶುರು ಮಾಡಿ ಮೂರು ತಿಂಗಳಾಯಿತು. ಡೇಟಾ ನಿರ್ವಹಣೆಯ ಯೋಜನೆ ಬರೆದು ಕೊಡಿ ಅಂತ ಗೈಡ್ ಕೇಳುತ್ತಿದ್ದಾರೆ. ನನ್ನದು ಬರೀ ಸಂದರ್ಶನಗಳು, ಅಂಕಿಗಳೇ ಇಲ್ಲ. ಇದನ್ನೂ ಡೇಟಾ ಅಂತಾರಾ? ಎಲ್ಲ ಲ್ಯಾಪ್‌ಟಾಪಿನಲ್ಲೇ ಇದೆ, ಸಾಕಲ್ವಾ?

ಉತ್ತರ 1:
ಆಡಿಯೋ, ಅದನ್ನು ಕೇಳಿ ಬರೆದಿಟ್ಟ ಪಠ್ಯ, ಟಿಪ್ಪಣಿ, ಫೋಟೋ, ಕೋಡ್ ಎಲ್ಲವೂ ಡೇಟಾನೇ. ನಿಮ್ಮ ತೀರ್ಮಾನ ಯಾವುದರ ಮೇಲೆ ನಿಂತಿದೆಯೋ ಅದೆಲ್ಲ. ಲ್ಯಾಪ್‌ಟಾಪ್ ಒಂದೇ ಸಾಲದು. 3-2-1 ಸೂತ್ರ ಹಿಡಿಯಿರಿ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಅಪೊಲೊ 11ರ ಚಂದ್ರನಡಿಗೆಯ ಮೂಲ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿರಬೇಕು ಅಂತ 2009ರಲ್ಲಿ ನಾಸಾದವರೇ ಒಪ್ಪಿಕೊಂಡರು. ಅವರಿಗೇ ಹಾಗಾದರೆ ನಮ್ಮ ಪಾಡೇನು!

ಉತ್ತರ 2:
ಕಳೆದುಹೋಗೋದು ಒಂದು ಕಡೆ ಇರಲಿ, ಸದ್ದಿಲ್ಲದೆ ಕೆಡೋದು ಇನ್ನೂ ಅಪಾಯ. ‘ಮಾರ್ಚ್1’ ಅನ್ನೋ ಜೀನ್ ಹೆಸರನ್ನು ಎಕ್ಸೆಲ್ ತಾನಾಗಿಯೇ ತಾರೀಖು ಮಾಡಿಬಿಡುತ್ತಿತ್ತು, ಎಷ್ಟೋ ಪ್ರಬಂಧಗಳಲ್ಲಿ ಆ ತಪ್ಪು ಹಾಗೇ ಅಚ್ಚಾಯಿತು, ಕೊನೆಗೆ ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು. ಮೂಲ ಫೈಲ್ ಮುಟ್ಟಬೇಡಿ, ಪ್ರತಿ ಮಾಡಿಕೊಂಡು ಕೆಲಸ ಮಾಡಿ.

ಉತ್ತರ 3:
ಸಂದರ್ಶನ ಅಂದಿರಲ್ಲ, ಅಲ್ಲಿ ಜಾಸ್ತಿ ಹುಷಾರು. ಮಾತಾಡಿದವರ ಒಪ್ಪಿಗೆ ಮೊದಲೇ ಬರಹದಲ್ಲಿ ಪಡೆಯಿರಿ, ಡೇಟಾ ಬೇರೆಯವರಿಗೆ ಕೊಡಬಹುದಾ ಅನ್ನೋದನ್ನೂ ಅದರಲ್ಲೇ ಕೇಳಿ. ನಿಜವಾದ ಹೆಸರುಗಳ ಪಟ್ಟಿ ಬೇರೆ ಕಡೆ, ಪಾಸ್‌ವರ್ಡ್ ಹಾಕಿ ಇಡಿ. ಜೊತೆಗೆ ಒಂದು ರೀಡ್‌ಮಿ ಫೈಲ್ ಇಡಿ, ಅಂದ್ರೆ ಯಾವ ಫೈಲಿನಲ್ಲಿ, ಯಾವ ಕಾಲಂನಲ್ಲಿ ಏನಿದೆ ಅಂತ ಬರೆದಿಟ್ಟ ಚಿಕ್ಕ ಟಿಪ್ಪಣಿ. ನಾನು ಸುಮ್ನೆ ‘ಕ5’, ‘ಕ6’ ಅಂತ ಕಾಲಂ ಹೆಸರು ಕೊಟ್ಟಿದ್ದೆ, ಎರಡು ವರ್ಷ ಬಿಟ್ಟು ತೆರೆದರೆ ನನಗೇ ತಲೆಬುಡ ಗೊತ್ತಾಗಲಿಲ್ಲ.

ಪ್ರಶ್ನೆ ಕೇಳಿದವರು:
ಅಯ್ಯೋ, ಒಪ್ಪಿಗೆ ಪತ್ರದಲ್ಲಿ ಹಂಚಿಕೊಳ್ಳೋ ವಿಷಯವೇ ಇಲ್ಲ. ಇವತ್ತೇ ಸರಿ ಮಾಡ್ತೀನಿ.