‘ಆರವ್’ ಅಂದ್ರೆ ಶಾಂತಿನಾ, ಸದ್ದಾ? ತೊಟ್ಟಿಲಿಗೆ ನಾಲ್ಕೇ ದಿನ ಉಳಿದಿದೆ

ಕೇಳಿದವರು: ಬಾಗಲಕೋಟೆ, ನವನಗರ

ಎಲ್ಲರಿಗೂ ನಮಸ್ಕಾರ ರೀ. ನನಗೆ ಗಂಡು ಮಗು ಆಗಿ ಒಂಬತ್ತು ದಿನ ಆಯಿತು. ಹದಿಮೂರನೇ ದಿನಕ್ಕೆ ತೊಟ್ಟಿಲು ಇಟ್ಟುಕೊಂಡಿದ್ದೇವೆ. ಕೃತ್ತಿಕಾ ನಕ್ಷತ್ರ ಒಂದನೇ ಪಾದ, ‘ಅ’ ಅಕ್ಷರ ಬಂದಿದೆ ಅಂತ ಅಯ್ಯನವರು ಪಂಚಾಂಗ ನೋಡಿ ಹೇಳಿದರು. ನಾನು, ನಮ್ಮ ಮನೆಯವರು ಸೇರಿ ‘ಆರವ್’ ಅಂತ ಆರಿಸಿದ್ದೇವೆ. ಮೊಬೈಲಿನಲ್ಲಿ ಎಲ್ಲಿ ಹುಡುಕಿದರೂ ‘ಶಾಂತ ಸ್ವಭಾವದವನು’ ಅಂತಲೇ ಅರ್ಥ ಇದೆ. ಅದನ್ನೇ ನಂಬಿಕೊಂಡು ಖುಷಿಯಲ್ಲಿದ್ದೆ.

ನಿನ್ನೆ ನಮ್ಮ ಸೋದರಮಾವ ಫೋನಿನಲ್ಲಿ ಕೇಳಿ ನಕ್ಕೇ ನಕ್ಕರು. “ಶಾಂತಿ ಎಲ್ಲಿಂದ ಬಂತವ್ವಾ? ಆರವ ಅಂದ್ರ ಗದ್ಲ!” ಅಂದರು. ಅಲ್ಲಿಂದ ತಲೆ ಕೆಟ್ಟಿದೆ. ಇನ್ನೊಂದು ಕಡೆ ನಮ್ಮ ಅತ್ತೆ, ತೀರಿಕೊಂಡ ಮಾವನ ಹೆಸರು ಬರಲೇಬೇಕು ಅಂತ ಹಟ ಹಿಡಿದಿದ್ದಾರೆ. ಮಾವನ ಹೆಸರು ರುದ್ರಪ್ಪ. ಈಗಿನ ಕಾಲದ ಹುಡುಗನಿಗೆ ರುದ್ರಪ್ಪ ಅಂತ ಹೇಗೆ ಇಡೋದು, ನೀವೇ ಹೇಳಿ.

ಆರವ್ ಅಂತ ಹೆಸರಿಟ್ಟವರು ಯಾರಾದರೂ ಇದ್ದೀರಾ? ಅರ್ಥ ನಿಜವಾಗಿ ಏನು? ಈ ಹೆಸರು ಈಗ ಬಹಳ ಆಗಿಬಿಟ್ಟಿದೆಯಾ? ನಿಮ್ಮ ಅನುಭವ ಹೇಳಿ.

ಜಮಖಂಡಿ, ಸಂಸ್ಕೃತ ಮೇಷ್ಟ್ರಾಗಿ ನಿವೃತ್ತಿ

ತಂಗಿ, ನಿಮ್ಮ ಸೋದರಮಾವ ಹೇಳಿದ್ದು ಸರಿ. ಸ್ವಲ್ಪ ಒರಟಾಗಿ ಹೇಳಿದ್ದಾರೆ, ಅಷ್ಟೇ.

‘ರು’ ಅಂತ ಒಂದು ಧಾತು. ಸದ್ದು ಮಾಡು, ಕೂಗು ಅಂತ ಅರ್ಥ. ಅದರಿಂದ ‘ರವ’ ಬಂತು. ಹಿಂದೆ ‘ಆ’ ಸೇರಿದರೆ ‘ಆರವ’. ಸಂಸ್ಕೃತದ ಹಳೆಯ ನಿಘಂಟು ಅಮರಕೋಶದ ಮೊದಲನೇ ಕಾಂಡದಲ್ಲಿ ಶಬ್ದಾದಿ ವರ್ಗ ಅಂತ ಇದೆ. ಅಲ್ಲಿ ಸದ್ದಿಗೆ ಇರುವ ಹೆಸರುಗಳನ್ನು ಸಾಲಾಗಿ ಹೇಳಿ, ಕೊನೆಗೆ ‘ಆರವ, ಆರಾವ, ಸಂರಾವ, ವಿರಾವ’ ಅಂತ ನಾಲ್ಕನ್ನು ಒಟ್ಟಿಗೆ ಪೋಣಿಸಿದ್ದಾರೆ. ಶಾಂತಿಯ ಸುಳಿವೂ ಅಲ್ಲಿಲ್ಲ. ಕೂಗು, ಮೊರೆತ, ಧ್ವನಿ, ಇವೇ ಅರ್ಥ.

ಕನ್ನಡದಲ್ಲೇ ನೋಡಿ. ಹಕ್ಕಿಗಳ ಕಲರವ ಅಂತೀವಲ್ಲ, ಅದೇ ರವ. ಸದ್ದೇ ಇಲ್ಲದ್ದು ನೀರವ. ‘ನೀರವ’ಕ್ಕೆ ಸೇರಬೇಕಾದ ಅರ್ಥವನ್ನು ಯಾರೋ ‘ಆರವ’ಕ್ಕೆ ಅಂಟಿಸಿರಬೇಕು, ಆಮೇಲೆ ಒಬ್ಬರದ್ದು ನೋಡಿ ಇನ್ನೊಬ್ಬರು ಬರೆದುಕೊಂಡಿರಬೇಕು ಅಂತ ನನ್ನ ಊಹೆ. ಶಾಂತಿಯ ಹೆಸರೇ ಬೇಕಿದ್ದರೆ ನೀರವ ಅಂತಲೇ ಇಡಬಹುದು. ಆದರೆ 2018ರಲ್ಲಿ ನೀರವ್ ಮೋದಿಯ ಬ್ಯಾಂಕ್ ಹಗರಣದ ಸುದ್ದಿ ಬಂದ ಮೇಲೆ ಆ ಹೆಸರು ಹೇಳಿದರೆ ಜನ ಬೇರೇನೋ ನೆನಪು ಮಾಡಿಕೊಳ್ಳುತ್ತಾರೆ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ರಾವಣನ ಹೆಸರೂ ಇದೇ ಧಾತುವಿನದ್ದು. ಕೈಲಾಸ ಎತ್ತಲು ಹೋದಾಗ ಶಿವ ಕಾಲ್ಬೆರಳಿನಿಂದ ಬೆಟ್ಟ ಒತ್ತಿದ, ಕೈ ಸಿಕ್ಕಿಕೊಂಡು ಅವನು ಮೂರು ಲೋಕ ನಡುಗುವ ಹಾಗೆ ಅರಚಿದ, ಅದಕ್ಕೇ ರಾವಣ ಅಂತ ಹೆಸರಾಯಿತು ಅಂತ ಉತ್ತರಕಾಂಡದಲ್ಲಿ ಕಥೆ ಇದೆ.

ಹೆದರಿಸಲು ಹೇಳಿದ್ದಲ್ಲ. ಹೆಸರು ಕೆಟ್ಟದ್ದೇನೂ ಅಲ್ಲ. ಗೊತ್ತಿದ್ದು ಇಡಿ ಅಂತ ಹೇಳಿದೆ.

ಬೆಳಗಾವಿ, ಶಹಾಪುರ

ನಮ್ಮ ಮಗನ ಹೆಸರೂ ಆರವ್. 2016ರಲ್ಲಿ ಹುಟ್ಟಿದ. ಇಡುವಾಗ ನಮ್ಮ ಓಣಿಯಲ್ಲಿ ಯಾರಿಗೂ ಈ ಹೆಸರು ಇರಲಿಲ್ಲ, ಏನೋ ಹೊಸದು ಹುಡುಕಿದೆ ಅಂತ ನಾನು ಬೀಗಿದ್ದೇ ಬೀಗಿದ್ದು. ಒಂದನೇ ಕ್ಲಾಸಿನ ಮೊದಲನೇ ದಿನ ಟೀಚರ್ “ಆರವ್” ಅಂತ ಕರೆದರು. ಮೂರು ಹುಡುಗರು ಎದ್ದು ನಿಂತರು. ಈಗ ಒಬ್ಬ ದೊಡ್ಡ ಆರವ್, ಒಬ್ಬ ಚಷ್ಮಾ ಆರವ್. ನಮ್ಮವನು ಆರವ್ ಪಿ.

ಅಕ್ಷಯ್ ಕುಮಾರ್ ಮಗನ ಹೆಸರು ಆರವ್ ಅಲ್ವಾ, ಆ ಹುಡುಗ 2002ರಲ್ಲಿ ಹುಟ್ಟಿದ್ದು. ನಾನು ಈ ಹೆಸರು ಮೊದಲು ಕೇಳಿದ್ದೇ ಅಲ್ಲಿ. ನಮ್ಮ ಕಡೆ ಬರುವ ಹೊತ್ತಿಗೆ ಹತ್ತು ಹದಿನೈದು ವರ್ಷ ಹಿಡಿಯಿತು. ಬಂದ ಮೇಲೆ ಮಾತ್ರ ಬಾಡಿಗೆ ಮನೆಯವರಿಂದ ಹಿಡಿದು ಭಾಜಿ ಮಾರುವವರ ತನಕ ಎಲ್ಲರ ಮನೆಯಲ್ಲೂ ಒಬ್ಬ ಆರವ್.

ಆದರೂ ನನಗೆ ಪಶ್ಚಾತ್ತಾಪ ಇಲ್ಲ. ನಮ್ಮ ಬೆಳಗಾವಿಯಲ್ಲಿ ಅರ್ಧ ಓಣಿ ಕನ್ನಡ, ಅರ್ಧ ಮರಾಠಿ. ಈ ಹೆಸರು ಎರಡೂ ಕಡೆಯವರ ಬಾಯಲ್ಲಿ ಒಂದೇ ಥರ ಬರುತ್ತದೆ. ನನ್ನ ತಂಗಿಯ ಮಗಳು ಋತುಜಾ. ನಾವೂ ‘ರು’ ಅಂತೀವಿ, ಮರಾಠಿಯವರೂ ‘ರು’ ಅಂತಾರೆ, ಅಲ್ಲಿಗೆ ಸರಿ. ಅವಳಪ್ಪನಿಗೆ ದಿಲ್ಲಿಗೆ ವರ್ಗ ಆಯಿತು ನೋಡಿ, ಅಲ್ಲಿ ಎಲ್ಲರೂ ‘ರಿತುಜಾ’. ಶಾಲೆಯ ಪುಸ್ತಕದಲ್ಲಿ ಒಂದು, ಆಧಾರ್‌ನಲ್ಲಿ ಒಂದು. ಆರವ್‌ಗೆ ಆ ಕಾಟ ಇಲ್ಲ.

ಅರ್ಥ ತಪ್ಪು ಅಂತ ನನಗೆ ಇವತ್ತೇ ಗೊತ್ತಾಗಿದ್ದು! ಈಗ ನಗು ಬರುತ್ತಿದೆ. ಮನೆಯಲ್ಲಿ ಅವನ ಬಾಯಿ ಒಂದು ನಿಮಿಷ ಮುಚ್ಚಿರುವುದಿಲ್ಲ.

ವಿಜಯಪುರ

ಉಚ್ಚಾರದ ಕಾಟ ಇಲ್ಲ ಅಂದ್ರಲ್ಲ ಅಕ್ಕಾ, ನಮ್ಮ ಅಣ್ಣನ ಮಗನ ಹೆಸರು ಆರವ್. ನಮ್ಮ ಆಯಿಗೆ ಕಿವಿ ಸ್ವಲ್ಪ ಮಂದ. ತೊಟ್ಟಿಲ ದಿನ ಹೆಸರು ಕೇಳಿ, “ಕೂಸಿಗೆ ಅರಿವಿ ಅಂತ ಹೆಸರಿಡ್ತಾರೇನ? ಹಾಸೋದೋ, ಹೊಚ್ಚೋದೋ?” ಅಂದರು. ಇವತ್ತಿಗೂ ಮನೆಯಲ್ಲಿ ಅವನು ಅರಿವಿನೇ. ಬೈಯುವಾಗ ‘ಆರವ್ಯಾ’.

ಮುಧೋಳ, ಪಂಚಾಯಿತಿ ಕೆಲಸದಲ್ಲಿರುವವರು

ಅರ್ಥದ ವಿಷಯ ಮೇಷ್ಟ್ರು ಹೇಳಿದ್ದಾರೆ. ನಾನು ಕಾಗದದ ವಿಷಯ ಹೇಳುತ್ತೇನೆ. ನಮ್ಮ ಕಡೆ ಜನ ಎಡವುವುದು ಅಲ್ಲೇ.

ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು. ಆದರೆ ಆಗಲೇ ಹೆಸರು ಬರೆಸಬೇಕು ಅಂತ ಏನೂ ಇಲ್ಲ. ಹೆಸರಿಲ್ಲದೆ ನೋಂದಣಿ ಮಾಡಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅದು ದಾಟಿದರೂ 15 ವರ್ಷದ ತನಕ ಅವಕಾಶ ಇದೆ, ತಡವಾದದ್ದಕ್ಕೆ ಶುಲ್ಕ ಕಟ್ಟಬೇಕು ಅಷ್ಟೇ. ಆದ್ದರಿಂದ ‘ನಾಲ್ಕೇ ದಿನ’ ಅಂತ ಗಾಬರಿ ಬೇಡ. ನಾಲ್ಕು ದಿನ ಇರುವುದು ತೊಟ್ಟಿಲಿಗೆ, ಸರ್ಟಿಫಿಕೇಟಿಗಲ್ಲ.

ಹೆಸರು ಒಮ್ಮೆ ಬಿದ್ದ ಮೇಲೆ ತಿದ್ದಿಸುವುದು ಮಾತ್ರ ತಲೆನೋವು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಪಾಸ್‌ಪೋರ್ಟ್ ಎಲ್ಲದಕ್ಕೂ ಹುಟ್ಟಿದ ದಿನಕ್ಕೆ ಜನನ ಪ್ರಮಾಣಪತ್ರವೇ ದಾಖಲೆ. ಅದಕ್ಕೇ ಇಂಗ್ಲಿಷಿನಲ್ಲಿ ಮೊದಲಿಗೆ ಒಂದು ‘ಎ’ನಾ, ಎರಡು ‘ಎ’ನಾ ಅನ್ನೋದನ್ನು ಗಂಡ ಹೆಂಡತಿ ಇವತ್ತೇ ಕೂತು ತೀರ್ಮಾನಿಸಿ. ನನ್ನ ತಂಗಿಯ ಮಗನ ಹೆಸರಲ್ಲಿ ಆಸ್ಪತ್ರೆಯವರು ಒಂದು ‘ಎ’ ಬರೆದರು, ಶಾಲೆಯವರು ಎರಡು ಬರೆದರು. ಆ ಒಂದು ಅಕ್ಷರಕ್ಕೆ ನಮ್ಮ ತಂಗಿ ಅಫಿಡವಿಟ್ ಮಾಡಿಸಿ, ನಾಲ್ಕು ಸಲ ಬಸ್ ಹತ್ತಿದಳು. ಕನ್ನಡದಲ್ಲೂ ‘ಆರವ’ ಬೇಕೋ, ‘ಆರವ್’ ಬೇಕೋ, ಚೀಟಿಯಲ್ಲಿ ಬರೆದು ಕೊಡಿ. ಬಾಯಲ್ಲಿ ಹೇಳಿ ಬರಬೇಡಿ.

ಜಮಖಂಡಿ, ಅದೇ ಮೇಷ್ಟ್ರು

ನನ್ನನ್ನು ಕೇಳಿದರೆ ‘ಆರವ’. ಕೊನೆಯ ‘ಅ’ ನುಂಗುವುದು ಹಿಂದಿಯವರ ರೂಢಿ. ರಾಮನನ್ನು ನಾವು ರಾಮ್ ಅನ್ನುತ್ತೇವೆಯೇ? ಹೋಗಲಿ ಬಿಡಿ, ಈಗ ರಾಘವನೂ ರಾಘವ್ ಆಗಿದ್ದಾನೆ.

ವಿಜಯಪುರ, ಪ್ರಾಥಮಿಕ ಶಾಲೆ ಶಿಕ್ಷಕಿ

ನನ್ನ ಹಾಜರಿ ಪುಸ್ತಕ ನೋಡಿದರೆ ಈ ಹತ್ತು ವರ್ಷದ ಫ್ಯಾಶನ್ ಎಲ್ಲಾ ಗೊತ್ತಾಗುತ್ತದೆ. ಮೊದಲು ಬಸವರಾಜ, ಸಂಗಮೇಶ, ಸಿದ್ದರಾಮ, ಪರಶುರಾಮ. ಈಗ ಆರವ್, ವಿಹಾನ್, ರೇಯಾಂಶ್. ರೇಯಾಂಶ್ ಅಂದರೆ ‘ಸೂರ್ಯನ ಅಂಶ’ ಅಂತ ಆ ಹುಡುಗನ ಅಪ್ಪ ನನಗೆ ಹೇಳಿದರು. ಅಂಶ ಸರಿ, ಸೂರ್ಯ ಅನ್ನೋ ಅರ್ಥದ ‘ರೇಯ’ ಸಂಸ್ಕೃತದಲ್ಲಿ ಎಲ್ಲಿದೆ? ಇಂಗ್ಲಿಷಿನ ‘ರೇ’ಗೆ ಅಂಶ ಸೇರಿಸಿದ ಹಾಗಿದೆ. ಅದಕ್ಕೆ ಹೋಲಿಸಿದರೆ ಆರವ ಎಷ್ಟೋ ವಾಸಿ. ಅಮರಕೋಶದಲ್ಲಾದರೂ ಇದೆ!

‘ಅ’ ಅಕ್ಷರದಲ್ಲಿ ಬೇರೆ ಹೆಸರು ಬೇಕಿದ್ದರೆ ನನ್ನದೊಂದು ಸಲಹೆ: ಅಮೋಘ. ಮೋಘ ಅಂದರೆ ವ್ಯರ್ಥ, ಅಮೋಘ ಅಂದರೆ ವ್ಯರ್ಥವಾಗದ್ದು, ಗುರಿ ತಪ್ಪದ್ದು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಹೆಸರು ಯಾರಿಗೆ ಗೊತ್ತಿಲ್ಲ. ನಮ್ಮ ಅರಕೇರಿಯಲ್ಲಿ ಅಮೋಘಸಿದ್ಧ ದೇವರೇ ಇದ್ದಾನೆ. ಇಲ್ಲಿ ಹಳ್ಳಿ ಹಳ್ಳಿಯಲ್ಲೂ ಅಮೋಘಿ, ಅಮೋಘಸಿದ್ಧ ಅಂತ ಹೆಸರಿನ ಮುತ್ಯಾಗಳು, ಅಂದರೆ ಅಜ್ಜಂದಿರು, ಸಿಗುತ್ತಾರೆ. ಹಳೆಯದೂ ಹೌದು, ಹೊಸದರ ಥರ ಕೇಳಿಸುತ್ತದೆ. ನನ್ನ ಕ್ಲಾಸಿನಲ್ಲಿ ಇನ್ನೂ ಒಬ್ಬನೂ ಇಲ್ಲ.

ಅಂದ ಹಾಗೆ, ಕಳೆದ ವರ್ಷ ಮಕ್ಕಳನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗಿದ್ದೆ. ಮೇಲಿನ ಗ್ಯಾಲರಿಯಲ್ಲಿ ಎಲ್ಲರೂ ತಮ್ಮ ತಮ್ಮ ಹೆಸರು ಕೂಗಿದರು. ಆರವ್‌ನದ್ದು ಎಲ್ಲರಿಗಿಂತ ಚೆನ್ನಾಗಿ ಸುತ್ತಿಕೊಂಡು ವಾಪಸ್ ಬಂತು. ಉದ್ದ ‘ಆ’ ಇದೆಯಲ್ಲ, ಅದಕ್ಕಿರಬೇಕು.

ಅಥಣಿ

ಎಲ್ಲರೂ ಆರವನ ಹಿಂದೆ ಬಿದ್ದಿದ್ದೀರಿ, ಆ ಅತ್ತೆಯ ಮಾತು ಯಾರೂ ಎತ್ತಲಿಲ್ಲ. ನನಗೆ ಅದೇ ದೊಡ್ಡದಾಗಿ ಕಂಡಿತು.

ನಾವೂ ನಮ್ಮ ಮಗನಿಗೆ ನಮ್ಮ ಮಾವನ ಹೆಸರೇ ಇಟ್ಟೆವು. ಮಲ್ಲಿಕಾರ್ಜುನ. ಅತ್ತೆಯದ್ದೇ ಹಟ. ಇಟ್ಟ ಮೇಲೆ ಗೊತ್ತಾಯಿತು, ನಮ್ಮ ಅತ್ತೆ ಗಂಡನ ಹೆಸರು ಬಾಯಲ್ಲಿ ಹೇಳುವುದಿಲ್ಲ! ಹದಿನೆಂಟು ವರ್ಷ ಆಯಿತು, ಮೊಮ್ಮಗನನ್ನು ಒಂದು ಸಲವೂ ಹೆಸರು ಹಿಡಿದು ಕರೆದಿಲ್ಲ. ‘ಮುತ್ಯಾ, ಉಣ್ಣಾಕ ಬಾ’ ಅಂತಾರೆ. ಕೇಳಿ ಕೇಳಿ ಓಣಿಯವರೂ ಮುತ್ಯಾ ಅಂತಲೇ ಕರೆಯುತ್ತಾರೆ. ಕಾಲೇಜಿಗೆ ಹೋಗುವ ಹುಡುಗ, ಗೆಳೆಯರ ಫೋನಿನಲ್ಲೂ ಅವನ ನಂಬರು ಮುತ್ಯಾ ಅಂತಲೇ ಸೇವ್ ಆಗಿದೆ.

ನಿಮ್ಮ ಅತ್ತೆ ರುದ್ರಪ್ಪ ಅಂತ ಕರೆಯುತ್ತಾರಾ, ಮೊದಲು ಅದನ್ನು ಕೇಳಿ ನೋಡಿ. ಅವರಿಗೆ ಬೇಕಾಗಿರುವುದು ಕರೆಯುವ ಹೆಸರಲ್ಲ, ಮಾವ ಮನೆಗೆ ವಾಪಸ್ ಬಂದರು ಅನ್ನುವ ಸಮಾಧಾನ ಇರಬೇಕು.

ಕೇಳಿದವರು

ಅಕ್ಕಾ, ನಿಮ್ಮ ಮಾತು ಓದಿ ಹೋಗಿ ಕೇಳಿದೆ. “ನಾ ಹೆಂಗ ಕರೀಲವ್ವಾ ಅವರ ಹೆಸರು” ಅಂತ ನಾಚಿಕೊಂಡು ಒಳಗೆ ಹೋದರು. ಆದರೆ ಹಟ ಬಿಟ್ಟಿಲ್ಲ. ಮೇಷ್ಟ್ರೇ, ರುದ್ರ ಅನ್ನೋ ಹೆಸರಿಗೂ ಆರವನಿಗೂ ಏನಾದರೂ ಗಂಟು ಹಾಕಲು ಆಗುತ್ತಾ?

ಜಮಖಂಡಿ, ಮೇಷ್ಟ್ರು

ಆಗುತ್ತದೆ! ನನಗೆ ಮೊದಲೇ ಹೊಳೆಯಬೇಕಿತ್ತು.

ಶತಪಥ ಬ್ರಾಹ್ಮಣ ಅಂತ ಒಂದು ವೇದಗ್ರಂಥ, ಅದರ ಆರನೇ ಕಾಂಡದಲ್ಲಿ ಒಂದು ಕಥೆ ಇದೆ. ಒಂದು ಕೂಸು ಹುಟ್ಟಿತು. ಹುಟ್ಟಿದ ಕೂಡಲೇ ಅಳಲು ಶುರು ಮಾಡಿತು. ಪ್ರಜಾಪತಿ ಕೇಳಿದ, ಯಾಕಪ್ಪಾ ಅಳುತ್ತೀ? ನನಗೆ ಹೆಸರಿಲ್ಲ, ಹೆಸರು ಕೊಡು ಅಂತು ಕೂಸು. ಅತ್ತದ್ದಕ್ಕೆ ರುದ್ರ ಅಂತ ಇಟ್ಟ. ‘ರುದ್’ ಅಂದರೆ ಅಳು. ಕೂಸಿಗೆ ಒಂದು ಹೆಸರು ಸಾಲಲಿಲ್ಲ. ಇನ್ನೊಂದು ಬೇಕು ಅಂತು. ಹಾಗೆ ಕೇಳಿ ಕೇಳಿ ಶರ್ವ, ಪಶುಪತಿ, ಉಗ್ರ, ಅಶನಿ, ಭವ, ಮಹಾದೇವ, ಈಶಾನ, ಒಟ್ಟು ಎಂಟು ಹೆಸರು ಪಡೆಯಿತು.

ವ್ಯಾಕರಣದ ಲೆಕ್ಕದಲ್ಲಿ ‘ರುದ್’ ಬೇರೆ, ‘ರು’ ಬೇರೆ. ಒಂದೇ ಅಂತ ನಾನು ಸುಳ್ಳು ಹೇಳುವುದಿಲ್ಲ. ಆದರೆ ಅರ್ಥದಲ್ಲಿ ಅಕ್ಕಪಕ್ಕದ ಮನೆಯವರು. ಅಜ್ಜ ಅತ್ತವನು, ಮೊಮ್ಮಗ ಕೂಗಿದವನು. ಮೊಬೈಲಿನ ಆ ‘ಶಾಂತಿ’ ಹಿಡಿದುಕೊಂಡಿದ್ದರೆ ಈ ನಂಟು ಸಿಗುತ್ತಲೇ ಇರಲಿಲ್ಲ ನೋಡಿ. ನಿಮ್ಮ ಅತ್ತೆಗೆ ಹೀಗೇ ಹೇಳಿ.

ಕೇಳಿದವರು, ಐದು ದಿನ ಬಿಟ್ಟು

ತೊಟ್ಟಿಲು ಆಯಿತು ರೀ. ಮೇಷ್ಟ್ರ ಕಥೆಯನ್ನು ನಮ್ಮ ಮನೆಯವರು ಅತ್ತೆಗೆ ಹೇಳಿದರು. ಅವರು ಪೂರ್ತಿ ಕೇಳಿದರು. “ಹಂಗಾರ ಎರಡೂ ಹೆಸರು ಕಿವ್ಯಾಗ ಹೇಳ್ರಿ” ಅಂದರು. ನಮ್ಮ ನಾದಿನಿ ಸೋದರತ್ತೆ ಅಲ್ವಾ, ಅವಳೇ ಕೂತಳು. ಹಿಂದಿನಿಂದ ಎಲ್ಲರೂ ಬೆನ್ನಿಗೆ ಗುದ್ದುವುದು, ಅವಳು ಕೂಸಿನ ಕಿವಿಯಲ್ಲಿ ಕುರ್ರ್ ಅನ್ನುವುದು. ಮೊದಲು ರುದ್ರ, ಆಮೇಲೆ ಆರವ. ಕಾಗದಕ್ಕೆ ಆರವ, ಕೊನೆಯ ‘ಅ’ ಸಮೇತ. ಇಂಗ್ಲಿಷಿಗೆ ಎರಡು ‘ಎ’. ಚೀಟಿ ಬರೆದು ಮನೆಯವರ ಕಿಸೆಯಲ್ಲಿ ಇಟ್ಟಿದ್ದೇನೆ. ಅಮೋಘ ಬಹಳ ಚೆನ್ನಾಗಿದೆ ಟೀಚರ್, ನನ್ನ ತಂಗಿಗೆ ಈಗ ಏಳು ತಿಂಗಳು, ಅವಳಿಗೆ ಎತ್ತಿಟ್ಟಿದ್ದೇನೆ.

ಸೋದರಮಾವ ಗುಗ್ಗರಿ ತಿನ್ನುತ್ತಾ, “ಕೊನೀಗೂ ಗದ್ಲಾನ ಇಟ್ರಿ” ಅಂದರು. ಅದು ಅತ್ತೆಯ ಕಿವಿಗೆ ಬಿತ್ತು. ಇವತ್ತು ಬೆಳಿಗ್ಗೆ ಎಣ್ಣೆ ಹಚ್ಚುವಾಗ ಅವರು ಮೊಮ್ಮಗನನ್ನು ಕರೆದದ್ದು “ಏ ಗದ್ಲಾ, ಸುಮ್ಕಿರೋ” ಅಂತ.