ಬೇಸಿಗೆ ಮುಗಿದ ಮೇಲೆ ಬೆಂಗಳೂರು ಬಿಡುತ್ತಿದ್ದೇನೆ. ಕೊನೆಯ ವಾರ ನೀವು ಏನು ಮಾಡಿದಿರಿ?

ಮಲ್ಲೇಶ್ವರದವಳು:
ಜೂನ್‌ನಲ್ಲಿ ಧಾರವಾಡಕ್ಕೆ ಹೊರಟಿದ್ದೇನೆ. ಹೊಸ ಕೆಲಸ, ಖುಷಿಯಿದೆ. ಆದರೆ ಈ ಬೇಸಿಗೆಯಲ್ಲೇ ಊರನ್ನು ಜಾಸ್ತಿ ಹಚ್ಚಿಕೊಂಡೆ. ಮೊದಲು ಗುಲಾಬಿ ಟಬೂಬಿಯಾ, ಈಗ ಕೆಂಪು ಗುಲ್‌ಮೊಹರ್. ಸಂಪಿಗೆ ರಸ್ತೆಯಲ್ಲಿ ಮಲ್ಲಿಗೆ ಮಾರುವ ಅಜ್ಜಿ ಮೊಳ ಹಾಕಿದ ಮೇಲೂ ಒಂದು ಗೇಣು ಸೇರಿಸಿ ಕೊಡುತ್ತಾರೆ. "ಸಂಜೆ ಬಾ, ಅರಳಿರ್ತದೆ" ಅಂತಾರೆ. ಅವರಿಗೆ ಹೋಗುತ್ತೇನೆಂದು ಹೇಳಲು ಬಾಯಿ ಬರುತ್ತಿಲ್ಲ. ರಾತ್ರಿಯ ಸೆಕೆ, ಟ್ಯಾಂಕರ್‌ಗೆ ಕಾಯುವುದು ಮಾತ್ರ ಸಾಕಾಯಿತು. ನೀವೆಲ್ಲ ಹೇಗೆ ಹೊರಟಿರಿ?

ಜಯನಗರದಿಂದ ಮೈಸೂರಿಗೆ:
ಅಜ್ಜಿಗೆ ಹೇಳಿಯೇ ಹೋಗಿ. ಸುಮ್ನೆ ಕಾಣೆಯಾದರೆ ಅವರು ದಿನಾ ದಾರಿ ನೋಡುತ್ತಾರೆ ಅಲ್ವಾ? ಇನ್ನು ಅಡ್ವಾನ್ಸ್ ವಿಷಯ. ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಇಲ್ಲಿ ಮಾಮೂಲು. ಕರಾರುಪತ್ರ ಇವತ್ತೇ ಓದಿ. ಖಾಲಿ ಮನೆಯ ಗೋಡೆಗಳ ಫೋಟೋ ತೆಗೆದಿಡಿ.

ಸಾಧನಕೇರಿ:
ಬರ್ರಿ ಅಕ್ಕಾರ! ಮಳೆ ಹಿಡಿಯುವ ಮೊದಲು ಬಂದರೆ ನಮ್ಮ ಧಾರವಾಡದ ಆಪೂಸು ಮಾವು ಸಿಗುತ್ತದೆ. ಸಂಜೆ ಕೆರೆ ಕಡೆ ತಣ್ಣನೆ ಗಾಳಿ. ಬೆಂಗಳೂರು ನೆನಪಾದರೆ 2023ರಿಂದ ವಂದೇ ಭಾರತ್ ಇದೆ.

ಮಲ್ಲೇಶ್ವರದವಳು:
ಧನ್ಯವಾದ. ಫೋಟೋ ಇವತ್ತೇ ತೆಗೆಯುತ್ತೇನೆ. ಗ್ಯಾಸ್ ಕನೆಕ್ಷನ್ ಏನು ಮಾಡಲಿ?

ಜಯನಗರದಿಂದ ಮೈಸೂರಿಗೆ:
ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ವಾಪಸ್ ಕೊಟ್ಟು ವೋಚರ್ ತೆಗೆದುಕೊಳ್ಳಿ. ಅದನ್ನು ಅಲ್ಲಿನ ಏಜೆನ್ಸಿಗೆ ತೋರಿಸಿ. ಒಲೆ ನಿಮ್ಮ ಜೊತೆಗೇ ಬರಲಿ.